ಇಪ್ಪತ್ತಾರು ಪುಟದ ಕನಿಕರ

ಈ ವರ್ಷದ ಮಕ್ಕಳಿಗಾದರೂ ಕಾದಂಬರಿ ನಾಟಿದ್ದೀತೇ? ಇಲ್ಲಾ, ಇವರೂ ಪುಸ್ತಕದ ಹಿಂಬದಿಯ ಸಾರಾಂಶ ಓದಿ ಪಾಸಾಗುವವರೇ?

ಇನ್ನೊಬ್ಬರ ನೋವು ಅರಿಯಲು ಕಲಿಯುವ ಹುಡುಗರ ಕತೆಯಿದ್ದ ಹಳೆಯ ಕಾದಂಬರಿಯೊಂದನ್ನು ಒಕ್ಲಹೋಮಾದ ಸಣ್ಣ ಊರೊಂದರ ಶಾಲೆಯಲ್ಲಿ ವರ್ನಾನ್ ಟಟಲ್ ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದ. ಒಂದು ಮಗುವೂ ಕರಗಿದ್ದನ್ನು ಕಂಡಿರಲಿಲ್ಲ.

"ಯಾರಾದ್ರೂ ಒಬ್ಬರ ಒಳಗೆ ಹೊಕ್ಕು, 'ನಾನು' ಅಂತ ಒಂದು ಪುಟ ಬರೀರಿ," ಎಂದು ಗುರುವಾರ ಹೇಳಿದ್ದ. ಶುಕ್ರವಾರ ಬೆಳಿಗ್ಗೆ ಇಪ್ಪತ್ತಾರು ಹಾಳೆ ಬಂದವು. ಇಪ್ಪತ್ತಾರೂ ಅವನ ಬಗ್ಗೆಯೇ.

'ನಾನು ಟಟಲ್. ಮಧ್ಯಾಹ್ನ ಕಾರಿನಲ್ಲಿ ಒಬ್ಬನೇ ಸ್ಯಾಂಡ್‌ವಿಚ್ ತಿನ್ನುತ್ತೇನೆ. ನನ್ನನ್ನು ಯಾರೂ ಕರೆಯುವುದಿಲ್ಲ,' ಎಂದು ರೋಂಡಾ ಬರೆದಿದ್ದಳು. ವರ್ಷವಿಡೀ ಕಿಟಕಿಯಾಚೆಗೇ ನೋಡುತ್ತಿದ್ದ ಹುಡುಗಿ. ಕಾರಿನಲ್ಲಿ ಅವನು ಕೇಳುತ್ತಿದ್ದುದು ಬೇಸ್‌ಬಾಲ್ ವೀಕ್ಷಕ ವಿವರಣೆ. ಆದರೂ ಒಂದು ಮಗು ಕೊನೆಗೂ ಕರಗಿತ್ತಲ್ಲ, ಅವನ ಕಣ್ಣು ತುಂಬಿತು.

ಸರಿಯಾಗಿ ಆಗಲೇ ಶಾಲೆಯ ಆಪ್ತಸಲಹೆಗಾರ್ತಿ ಲೊರೆಟಾ ಒಳಗೆ ಬಂದಳು.

"ವರ್ನಾನ್, ಅಳ್ತಿದೀಯಾ?"

"ಖುಷಿಗೆ ಕಣೆ."

"ಎಲ್ರೂ ಮೊದ್ಲು ಹಾಗೇ ಅನ್ನೋದು," ಎಂದವಳು ಹಾಳೆಗಳನ್ನೆಲ್ಲ ಬಾಚಿಕೊಂಡು ಹೋದಳು.

ಮಧ್ಯಾಹ್ನದೊಳಗೆ ಸುದ್ದಿ ಶಾಲೆಯೆಲ್ಲ ಹಬ್ಬಿತು. ಆಟದ ಮೇಷ್ಟ್ರು ಡ್ವೇನ್ ಹತ್ತಿಮೂಟೆ ಎತ್ತುವವನಂತೆ ಅವನನ್ನು ತಬ್ಬಿಕೊಂಡ. ಒಂಟಿಯಾಗಿ ಬಿಡಬಾರದೆಂದು ಲೊರೆಟಾ ಸೇರಿ ಮೂವರು ಅವನ ಕಾರಿನೊಳಗೇ ಬಂದು ಕೂತರು, ಅವರ ಮಾತಿನಲ್ಲಿ ಬೇಸ್‌ಬಾಲ್ ಸ್ಕೋರು ಕೇಳಿಸಲಿಲ್ಲ.

"ನಾನು ಚೆನ್ನಾಗೇ ಇದೀನ್ರೋ!" ಎಂದು ಕಿರುಚಿದ. ಹಿಂದಿನ ಸೀಟಿನಿಂದ ಲೊರೆಟಾ ಏನನ್ನೋ ಬರೆದುಕೊಂಡಳು.

ಮೂರು ಗಂಟೆಗೆ ಪ್ರಿನ್ಸಿಪಾಲ್ ಗ್ರೀಲಿ ಕರೆಸಿದರು. "ಇಪ್ಪತ್ತಾರು ಮಕ್ಕಳೂ ಒಂದೇ ಮಾತು ಹೇಳ್ತಿದಾರಪ್ಪ, ನೀನು ದಣಿದಿದೀಯ ಅಂತ."

"ಅದು ಹೋಮ್‌ವರ್ಕ್ ಸರ್! ಪುಸ್ತಕ ಓದಿದಾರೆ, ನಿಜವಾಗ್ಲೂ ಓದಿದಾರೆ! ಈ ಕ್ಲಾಸು ಮಾತ್ರ ನನಗೇ ಬಿಡಿ."

"ಓದಿದ್ದಕ್ಕೇ ಅಲ್ವಾ ನಿನ್ನ ಕಷ್ಟ ಅವರ ಕಣ್ಣಿಗೆ ಬಿದ್ದಿದ್ದು?"

ಇಷ್ಟು ವರ್ಷ ಅವನೇ ಹೇಳಿಕೊಂಡು ಬಂದ ಮಾತು ಅದು. ಸೋಮವಾರದಿಂದ ವರ್ಷದ ಕೊನೆಯವರೆಗೆ ಅವನಿಗೆ ರಜೆ. ಕ್ಲಾಸು ಡ್ವೇನ್‌ಗೆ, ಅವನು ಸಿನಿಮಾ ಹಾಕುತ್ತಾನಂತೆ.

ಹೊರಗೆ ಮಕ್ಕಳೆಲ್ಲ ಸಾಲಾಗಿ ನಿಂತಿದ್ದರು. ರೋಂಡಾ ಮುಂದೆ ಬಂದಳು.

"ನಿಮಗೆ ರಜೆ ಕೊಡಿ ಅಂತ ನಾವೇ ಹೋಗಿ ಕೇಳ್ಕೊಂಡ್ವಿ ಸರ್. ಇನ್ಮೇಲೆ ನೀವು ನಮ್ಮನ್ನ ಸಹಿಸ್ಕೋಬೇಕಾಗಿಲ್ಲ. ಖುಷಿಯಾಯ್ತಾ?"

ಅವಳ ಮುಖದಲ್ಲಿ ಅವನು ಇಷ್ಟು ವರ್ಷ ಹುಡುಕಿದ್ದೆಲ್ಲ ಇತ್ತು.

"ತುಂಬಾ ಥ್ಯಾಂಕ್ಸ್ ಕಣಮ್ಮ," ಎಂದ.

ಸೋಮವಾರ ಅವರಿಗೆ ಪಾಠ ಹೇಳಲು ತನಗೆ ಎಷ್ಟು ಆಸೆಯಿತ್ತೆಂದು ಅವನು ಹೇಳಲಿಲ್ಲ.