ಡಬ್ಬಿಗಳ ಕ್ಷೇಮಸಮಾಚಾರ

ನಮ್ಮ ಭಾವನವರಿಗೆ ಮನುಷ್ಯರ ಮೇಲೆ ದ್ವೇಷವೇನೂ ಇಲ್ಲ. ಯಂತ್ರಗಳಿಗಿರುವ ಹಾಗೆ ಮನುಷ್ಯರಿಗೆ ಐಪಿ ವಿಳಾಸ ಇಲ್ಲವಲ್ಲ ಎಂಬ ಸಣ್ಣ ಬೇಸರವಿದೆ, ಅಷ್ಟೇ! ವಿಳಾಸವಿಲ್ಲದವರನ್ನು ಮಾತನಾಡಿಸುವುದಾದರೂ ಹೇಗೆ?

ಭಾವ ಎಂದರೆ ನಮ್ಮ ಅಕ್ಕನ ಗಂಡ. ಗಜೇಂದ್ರಗಡದ ಒಂದು ಇಂಟರ್‌ನೆಟ್ ಕಚೇರಿಯಲ್ಲಿ ಕೆಲಸ. ರೋಣ, ನರಗುಂದ ಮತ್ತು ಸುತ್ತಲಿನ ಹಳ್ಳಿಗಳ ಅಂಗಡಿ ಗೋಡೆಗಳಿಗೆ ನೇತುಬಿದ್ದ ಸ್ವಿಚ್ಚು, ರೌಟರು ಎಂಬ ಇಂಟರ್‌ನೆಟ್ ಡಬ್ಬಿಗಳ ಯೋಗಕ್ಷೇಮ ಅವರ ಹೊಣೆ. ಕುಳಿತಲ್ಲಿಂದಲೇ ಅವುಗಳನ್ನು ಕಾಯಲು ಭಾವ ಟೆಂಪ್ಲೇಟ್ ತಯಾರಿಸುತ್ತಾರೆ. ಟೆಂಪ್ಲೇಟ್ ಎಂದರೆ ಕರ್ಚಿಕಾಯಿ ಅಚ್ಚಿನಂಥದ್ದು. ಡಬ್ಬಿಗೆ ಏನೇನು ಕೇಳಬೇಕು, ಎಷ್ಟು ಹೊತ್ತಿಗೊಮ್ಮೆ ಕೇಳಬೇಕು, ಉತ್ತರ ಎಷ್ಟು ಕೆಟ್ಟರೆ ಬೊಬ್ಬೆ ಹೊಡೆಯಬೇಕು ಎಂದು ಒಮ್ಮೆ ಬರೆದಿಟ್ಟು, ಅದೇ ಅಚ್ಚನ್ನು ಎಲ್ಲ ಡಬ್ಬಿಗಳ ಮೇಲೂ ಒತ್ತುವುದು. ಆಮೇಲೆ ಯಂತ್ರವೇ ನಿಮಿಷಕ್ಕೊಮ್ಮೆ ವಿಚಾರಿಸುತ್ತಿರುತ್ತದೆ. ಹೇಗಿದ್ದೀಯಾ? ಮೈ ಬಿಸಿಯಾಗಿದೆಯಾ? ಕೆಲಸ ಹೆಚ್ಚಾಯಿತಾ? ಅತ್ತೆ-ಮಾವಂದಿರಿಗೂ ಅವರಿಂದ ಸಿಗದ ಉಪಚಾರ ಇದು!

ತೊಂದರೆಯೆಂದರೆ, ಅಚ್ಚು ಹುಟ್ಟಿದ್ದು ಕಚೇರಿಯ ತಂಪು ಕೋಣೆಯಲ್ಲಿ. ರೋಣದ ಸ್ವಿಚ್ಚು ಇದ್ದದ್ದು ಮಿರ್ಚಿ ಭಜಿಯ ಬಾಣಲೆಯ ನೆತ್ತಿಯ ಮೇಲೆ. ಸಂಜೆಯಾದರೆ ಸಾಕು, ಅದಕ್ಕೆ ಜ್ವರ. ಇತ್ತ ಭಾವನ ಮೊಬೈಲಿನ ಕಿರುಚಾಟ.

"ಒಲಿ ಸ್ವಲ್ಪ ಸಣ್ಣ ಮಾಡ್ರಿ, ಸ್ವಿಚ್ಚಿಗೆ ಝಳ ಬಡಿಯಾಕತ್ತೇತಿ" ಎಂದು ಭಾವ ಫೋನಿನಲ್ಲಿ ಬೇಡಿಕೊಂಡರು.

"ಸಣ್ಣ ಮಾಡಿದ್ರ ಭಜಿ ಎಣ್ಣಿ ಕುಡಿತಾವ್ರಿ. ನಿಮ್ಮ ಸ್ವಿಚ್ಚಿಗೇ ಒಂದೀಟು ತಡ್ಕೊಳ್ಳಾಕ ಹೇಳ್ರಿ" ಎಂದರು ಅಂಗಡಿಯವರು.

ಭಾವ ಹೇಳಿಯೇಬಿಟ್ಟರು! ರೋಣಕ್ಕೆಂದೇ ಹೆಚ್ಚು ಬಿಸಿ ಸಹಿಸುವ ಟೆಂಪ್ಲೇಟ್ ಒಂದು ತಯಾರಾಯಿತು.

ಇನ್ನು ಅಮಾವಾಸ್ಯೆ. ಅಂದು ನಮ್ಮ ಕಡೆ ತಕ್ಕಡಿ, ಗಿರಣಿ, ಟ್ರ್ಯಾಕ್ಟರ್ ಎಲ್ಲಕ್ಕೂ ಪೂಜೆ. ಗೋಡೆಯ ಮೇಲಿನ ರೌಟರು ಏನು ಪಾಪ ಮಾಡಿದೆ? ಕೆಲಸಕ್ಕೆ ಸೇರಿದ ಮೊದಲ ಅಮಾವಾಸ್ಯೆಯಂದು ಭಾವನ ಪರದೆಯ ಮೇಲೆ ಹಳ್ಳಿಹಳ್ಳಿಗಳು ಒಮ್ಮೆಲೇ ಕೆಂಪಾದವು. ಮುಖ್ಯ ಕೇಬಲ್ಲೇ ಹರಿದಿದೆಯೆಂದು ಎದೆ ಒಡೆದುಕೊಂಡು ರಾಜೂರಿಗೆ ಗಾಡಿ ಓಡಿಸಿದರೆ, ಕಿರಾಣಿ ಅಂಗಡಿಯವರು ರೌಟರಿಗೆ ವಿಭೂತಿ ಬಳಿದು, ಹೂವೇರಿಸಿ, ಕಾಯಿ ಹಿಡಿದು ನಿಂತಿದ್ದರು.

"ನೀರು ಸಿಡಿಸಬ್ಯಾಡ್ರಿ ಅಂತ ನೀವ ಹೇಳಿದ್ರಲ್ರಿ, ಅದಕ್ಕ ಬಂದ್ ಮಾಡಿ ಪೂಜಿ ಮಾಡಾಕತ್ತೇನಿ. ಚಲೋ ಹೊತ್ತಿಗೆ ಬಂದ್ರಿ, ಕಾಯಿ ನೀವ ಒಡೀರಿ."

ಭಾವ ಕಾಯಿ ಒಡೆದು, ಪ್ರಸಾದ ತಿಂದು, ಕಚೇರಿಗೆ ಮರಳಿ, ಪೂಜೆಯ ಹೊತ್ತಿಗೆ ಬೊಬ್ಬೆ ಹೊಡೆಯದ ಅಮಾವಾಸ್ಯೆ ಟೆಂಪ್ಲೇಟ್ ಬರೆದರು. ಲಕ್ಕಲಕಟ್ಟಿಯ ದರ್ಜಿ ಸಾಹೇಬರು ಶುಕ್ರವಾರ ನಮಾಜಿಗೆ ಹೋಗುವಾಗ ಅಂಗಡಿಯ ಕರೆಂಟೆಲ್ಲ ಬಂದ್ ಮಾಡುತ್ತಾರೆಂದು ತಿಳಿದ ಮೇಲೆ ಶುಕ್ರವಾರದ್ದೂ ಒಂದು ಬಂತು. ಇಷ್ಟು ಸರ್ವಧರ್ಮ ಸಮಭಾವದ ಯಂತ್ರ ಜಿಲ್ಲೆಯಲ್ಲಿ ಇನ್ನೊಂದಿರಲಾರದು!

ಆದರೆ ಅಕ್ಕನಿಗೆ ಮಾತ್ರ ಯಾವ ಟೆಂಪ್ಲೇಟೂ ಇರಲಿಲ್ಲ. ಒಂದು ದಿನ ಅಕ್ಕ ದವಡೆ ಹಲ್ಲು ಕೀಳಿಸಿಕೊಂಡು ಬಂದಿದ್ದಳು. ಗಲ್ಲ ಬೋಂಡಾದ ಹಾಗೆ ಬಾತಿತ್ತು. ಊಟಕ್ಕೆ ಎದುರಿಗೇ ಕುಳಿತ ಭಾವ ಆಕೆಯನ್ನು ದಿಟ್ಟಿಸಿ ನೋಡಿ, ನಿಟ್ಟುಸಿರು ಬಿಟ್ಟು ಹೇಳಿದರು:

"ನರಗುಂದದ ಡಬ್ಬಿ ಯಾಕೋ ಇವತ್ತ ಭಾಳ ಸಪ್ಪಗೈತಿ."

ಮರುದಿನ ಅಕ್ಕ ಬಸ್ಸು ಹತ್ತಿ ಸವಡಿಯ ತವರಿಗೆ ಬಂದುಬಿಟ್ಟಳು. "ಆ ಡಬ್ಬಿಗೆ ನಿಮಿಷಕ್ಕೊಮ್ಮೆ ಹ್ಯಾಂಗದಿ ಅಂತ ಕೇಳ್ತಾರ. ನಾ ಬಾಯಿ ತೆರಿಯಾಕ ಬರಲಾರದ ಕುಂತ್ರೂ ಕಾಣಲಿಲ್ಲ. ತಾವಾಗಿ ಬಂದು ಕೇಳೋತನಕ ನಾ ಹೋಗಂಗಿಲ್ಲ" ಎಂದಳು. ನಾವೆಲ್ಲ ನಕ್ಕೆವು. ಆದರೆ ಅಕ್ಕ ಬ್ಯಾಗಿನ ಸೀರೆಗಳನ್ನು ತೆಗೆದು ಅವ್ವನ ಟ್ರೆಜರಿ ಕಪಾಟಿನಲ್ಲಿ ಜೋಡಿಸತೊಡಗಿದಾಗ ನಮ್ಮ ನಗು ನಿಂತಿತು.

ಅಕ್ಕ ಫೋನು ಎತ್ತದ್ದರಿಂದ ಭಾವ ನನಗೆ ಹಚ್ಚಿದರು.

"ಸವಡ್ಯಾಗ ನೆಟ್‌ವರ್ಕ್ ಹೋಗೇತೇನು?"

"ನೆಟ್‌ವರ್ಕ್ ಚಲೋ ಐತ್ರಿ. ಅಕ್ಕ ಹಲ್ಲು ಕೀಳಿಸಿಕೊಂಡಿದ್ದು ಗೊತ್ತೈತೇನ್ರಿ ನಿಮಗ?"

ಅತ್ತ ಕಡೆಯಿಂದ ಫೋನು ಕಟ್ಟಾಯಿತು.

ರವಿವಾರ ಭಾವ ಬಂದು ಕಟ್ಟೆಯ ಮೇಲೆ ಕುಳಿತರು. ಅಂಗಿಯ ಗುಂಡಿ ತಪ್ಪಾಗಿ ಹಾಕಿತ್ತು, ಮುಖ ಬಾಡಿ ಇಷ್ಟಾಗಿತ್ತು. ಅಕ್ಕ ನೀರಿನ ತಂಬಿಗೆ ತಂದು ಮುಂದಿಟ್ಟಳು. ಏನು ಕೇಳಬೇಕೆಂದು ಭಾವ ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡು ಬಂದಿರಬೇಕು. ಬಾಯಿ ತೆರೆದರೆ ಒಂದೂ ಹೊರಡಲಿಲ್ಲ. ಅಕ್ಕನೇ ಸೋತು ಕೇಳಿದಳು.

"ಹ್ಯಾಂಗದೀರಿ?"

"ಎಲ್ಲಾ ನಡದಾವ. ನರಗುಂದದ್ದೂ ಚಾಲೂ ಆತು."

"ಡಬ್ಬಿ ಅಲ್ರಿ. ನೀವು."

ಭಾವ ತಂಬಿಗೆಯನ್ನು ಪಕ್ಕಕ್ಕೆ ಸರಿಸಿದರು. "ನನಗ ಹೇಳಾಕ ಬರವಲ್ದು" ಎಂದರು. ಆಮೇಲೆ, "ಹಲ್ಲು ತೋರಸು" ಎಂದರು.

ಓಣಿಯ ಜನ ನೋಡುತ್ತಿದ್ದರೂ ಅಕ್ಕ ಅವರ ಪಕ್ಕ ಕುಳಿತು ಬಾಯಿ ಅಗಲ ಮಾಡಿದಳು. ಭಾವ ಬಗ್ಗಿ, ಮೊಬೈಲಿನ ಬೆಳಕು ಬಿಟ್ಟು, ಹಲ್ಲಿಲ್ಲದ ಆ ಜಾಗವನ್ನು ನೋಡೇ ನೋಡಿದರು.

"ಭಾಳ ನೋಯ್ತೇನು?" ಎಂದು ಕೇಳಿದರು.

ತೆರೆದ ಬಾಯಿ ತೆರೆದಂತೆಯೇ ಅಕ್ಕ ಅಳತೊಡಗಿದಳು.