ಕಾಣೆಯಾದ ಅರವತ್ತು ಡಿಗ್ರಿ

ರಾಮದುರ್ಗಕ್ಕೂ ಮನೋಳಿಗೂ ನಡುವೆ ಮಲಪ್ರಭೆಯ ದಂಡೆಗೆ ಕಡಬಿಹಾಳವೆಂಬ ಎರಡೂವರೆ ಹಳ್ಳಿಯ ಜಹಗೀರು ಇತ್ತು. ಅಲ್ಲಿ ಐವರು ಪಂಚರ ಸಹಿಯಿಲ್ಲದೆ ಯಾವ ಸಂಗತಿಯೂ ನಡೆದದ್ದೆಂದು ಪರಿಗಣಿಸಲ್ಪಡುತ್ತಿರಲಿಲ್ಲ. ಸೂರ್ಯೋದಯಕ್ಕೆ ಮಾತ್ರ ವಿನಾಯಿತಿಯಿತ್ತು. ಅದನ್ನೂ ಪ್ರತಿ ಯುಗಾದಿಗೆ ನವೀಕರಿಸಬೇಕಿತ್ತು.

ಜಹಗೀರಿನ ಸಾಲಿಯ ಮಾಸ್ತರ ಮಲಕಾಜಪ್ಪ ಒಂಬತ್ತು ವರ್ಷದಿಂದ ಹಂಗಾಮಿ ನೌಕರ. ಹಂಗಾಮಿ ನೌಕರನು ಸರಕಾರಿ ಕುರ್ಚಿಯಲ್ಲಿ ಕೂಡತಕ್ಕದ್ದಲ್ಲ ಎಂಬ ನಿಯಮವಿದ್ದುದರಿಂದ ಒಂಬತ್ತು ವರ್ಷವೂ ಆತ ನಿಂತೇ ಪಾಠ ಹೇಳಿದ್ದ. ಮೊಣಕಾಲು ಎರಡೂ ಕೈಕೊಟ್ಟಿದ್ದವು. 1907ರ ಮಳೆಗಾಲಕ್ಕೆ ಕಚೇರಿಯಿಂದ ಹುಕುಂ ಬಂತು: ಪದಾರ್ಥವಿಜ್ಞಾನದ ಪುಸ್ತಕದಿಂದ ಶಾಖದ ಒಂದು ಲೆಕ್ಕ, ವಿದ್ಯುತ್ತಿನ ಒಂದು ಲೆಕ್ಕ ಮನೆಯಲ್ಲಿ ಬಿಡಿಸಿ, ದಸರೆಯೊಳಗೆ ಕಚೇರಿಯ ಮೊಹರಿನ ಶಿಕ್ಕಾ ಹಾಕಿಸಿಕೊಂಡ ಮಾಸ್ತರ ಕಾಯಂ, ಹಾಕಿಸಿಕೊಳ್ಳದವನು ವಜಾ.

ಮಲಕಾಜಪ್ಪನಿಗೆ ಹಿಗ್ಗೋ ಹಿಗ್ಗು. ಒಂದೇ ಸಂಜೆಗೆ ಶಾಖದ ಲೆಕ್ಕ ಮುಗಿಸಿದ. ಎಂಬತ್ತು ಡಿಗ್ರಿಯ ಒಂದು ಕೊಡ ನೀರಿಗೆ ಇಪ್ಪತ್ತು ಡಿಗ್ರಿಯ ಒಂದು ಕೊಡ ನೀರು ಬೆರೆಸಿದರೆ ಎಷ್ಟು ಡಿಗ್ರಿಯಾದೀತು? ಐವತ್ತು. ಮುಂಜಾನೆ ತೊಳೆದ ಧೋತರ ಉಟ್ಟು ಕಚೇರಿಗೆ ಹೋದ.

ಜಹಗೀರಿನ ಆಡಳಿತ ನೋಡುವ ಕಾರಭಾರಿ ಬಸವಣ್ಣೆಪ್ಪನವರು ಹಾಳೆಯನ್ನು ಹಿಂದೆ ಮುಂದೆ ತಿರುವಿ ನೋಡಿದರು.

"ಐವತ್ತು ಅಂತ ಬರದೀರಿ. ಪಂಚನಾಮೆ ಎಲ್ಲೈತಿ?"

"ಇದು ಲೆಕ್ಕರೀ ಸಾಹೇಬ್ರ. ನೀರು ಖರೇನ ಇರೂದಿಲ್ಲ."

"ಇಲ್ಲದ ನೀರಿಗೆ ಶಿಕ್ಕಾ ಹೊಡೀ ಅಂತೀರೇನ? ನಾಳೆ ಮುಂಜಾನೆ ನೀರು ತರ್ರಿ. ಪಂಚರನ್ನ ನಾ ಕರಸ್ತೇನಿ."

ನೀರು ಕಾಯಿಸಿಕೊಟ್ಟವಳು ಖಾನಾವಳಿ ನಡೆಸುವ ಸಿದ್ದಲಿಂಗವ್ವ. ತನ್ನ ತವರಿನ ತಾಮ್ರದ ಹಂಡೆಯಲ್ಲಿ ನೀರು ಕುದಿಯಲಿಟ್ಟು, ಬೆರಳು ಅದ್ದಿ, "ಹಾಂ, ಸುಡತೈತಿ" ಎಂದಳು. ಕಚೇರಿಯ ಜವಾನ ಹಂಡೆಗೆ "80" ಎಂದು ಚೀಟಿ ಅಂಟಿಸಿದ. ಪಕ್ಕದ ತಣ್ಣೀರಿನ ಮಣ್ಣಿನ ಕೊಡಕ್ಕೆ "20" ಎಂದು ಇನ್ನೊಂದು ಚೀಟಿ. ಎರಡನ್ನೂ ಚಾವಡಿಯಲ್ಲಿಟ್ಟರು.

ನಾಲ್ವರು ಪಂಚರು ಸಮಯಕ್ಕೆ ಸರಿಯಾಗಿ ಬಂದರು. ಐದನೆಯವನಾದ ಯಮನಪ್ಪ ಎತ್ತು ನೋಡಲು ಸವದತ್ತಿಗೆ ಹೋಗಿದ್ದ.

"ಸಾಹೇಬ್ರ, ನೀರು ಆರತೈತ್ರಿ! ಬೆರಸೂಣಲ್ರಿ" ಎಂದು ಮಲಕಾಜಪ್ಪ ಕೈಮುಗಿದ.

"ನಾಕು ಮಂದಿ ಮುಂದ ಬೆರಸಿದ್ರ ಅದು ಬೆರಸಿದಂಗಲ್ಲ."

"ಹಂಗಾದ್ರ ಬುಡಕ ಒಂದೀಟು ಬೆಂಕಿ..."

"ದಫ್ತರ ಇರೂ ಚಾವಡಿಯೊಳಗ ಬೆಂಕಿ? ಮಾಸ್ತರ, ಕಾಯಂ ಆಗೂ ಮನಸೈತಿಲ್ಲೊ?"

ಸಂಜೆ ಐದಕ್ಕೆ ಯಮನಪ್ಪ ಎತ್ತಿಲ್ಲದೆ ಬಂದ. ಐವರೂ ಕ್ರಮವಾಗಿ ಹಂಡೆಯಲ್ಲಿ ಬಲಗೈ, ಕೊಡದಲ್ಲಿ ಎಡಗೈ ಅದ್ದಿದರು. ಬಹಳ ಹೊತ್ತು ಒಬ್ಬರ ಮುಖ ಒಬ್ಬರು ನೋಡಿದರು. ಕಡೆಗೆ ಒದ್ದೆ ಹೆಬ್ಬೆರಳನ್ನೇ ಒತ್ತಿದ್ದರಿಂದ ಪಂಚನಾಮೆಯ ಶಾಯಿಯೆಲ್ಲ ಹರಡಿತಾದರೂ ಒಕ್ಕಣೆ ಸ್ಪಷ್ಟವಾಗಿತ್ತು: "ಸದರಿ ಎರಡೂ ನೀರುಗಳಲ್ಲಿ ಪಂಚರಿಗೆ ಯಾವುದೇ ಭೇದ ಕಂಡುಬಂದಿಲ್ಲ."

ಕಾರಭಾರಿಗಳ ಮುಖ ಗಂಭೀರವಾಯಿತು. ಕೊಡದ ನೀರು ಇಪ್ಪತ್ತು ಡಿಗ್ರಿಯೆಂದು ಚೀಟಿಯೇ ಹೇಳುತ್ತದೆ. ಹಂಡೆಯ ನೀರು ಅದಕ್ಕೆ ಸಮವೆಂದು ಪಂಚರು ಹೇಳುತ್ತಾರೆ. ಅಂದರೆ ಕಚೇರಿಯ ತಾಬೆಯಲ್ಲಿದ್ದ ಅರವತ್ತು ಡಿಗ್ರಿ ಶಾಖ ಹಾಡಹಗಲೇ ಕಾಣೆಯಾಗಿದೆ.

"ಇದು ಕಳವು" ಎಂದರು ಕಾರಭಾರಿಗಳು.

ತನಿಖೆ ಅಲ್ಲಿಯೇ ಶುರುವಾಯಿತು. ಪುಸ್ತಕವನ್ನು ತರಿಸಿ ಓದಿಸಿದಾಗ ಲೆಕ್ಕದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸಿಕ್ಕಿತು: "ಪಾತ್ರೆಯು ಹೀರಿಕೊಳ್ಳುವ ಶಾಖವನ್ನು ಗಮನಿಸಬೇಡಿರಿ." ಎಲ್ಲರೂ ಹಂಡೆಯತ್ತ ತಿರುಗಿದರು.

"ನೋಡ್ರಿ ಮಾಸ್ತರ," ಕಾರಭಾರಿಗಳು ದನಿ ತಗ್ಗಿಸಿದರು, "ಗಮನಿಸಬ್ಯಾಡ್ರಿ ಅಂತ ಯಾರರ ಸುಮ್ಮಸುಮ್ಮನ ಹೇಳ್ತಾರೇನು? ನೀವು ಫಿರ್ಯಾದಿಗೆ ಸಹಿ ಮಾಡ್ರಿ."

"ಹಂಡಿ ಏನೂ ಮಾಡಿಲ್ಲರಿ. ಶಾಖ ಗಾಳಿಗೆ..."

"ಗಾಳಿಗೆ? ಗಾಳಿ ಯಾ ಕಡೆ ಬೀಸಾಕತ್ತೇತಿ?"

"ರಾಮದುರ್ಗ ಸಂಸ್ಥಾನದ ಕಡೀಗ್ರಿ" ಎಂದ ಯಮನಪ್ಪ, ತನ್ನನ್ನು ಯಾರೂ ಕೇಳದಿದ್ದರೂ.

"ಅಂದ್ರ ಪರವಾನಗಿ ಇಲ್ದ ಮಾಲು ಗಡಿ ದಾಟೇತಿ. ಕಳಿಸಿದವರು ಯಾರು? ಬೆರಸೂಣು ಬೆರಸೂಣು ಅಂತ ಅವಸರ ಮಾಡಿದವರು ಯಾರು?"

ಬಾಗಿಲ ಹೊರಗೆ ಸಿದ್ದಲಿಂಗವ್ವ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಮಲಕಾಜಪ್ಪ ಅವಳತ್ತ ನೋಡದೆ ಸಹಿ ಮಾಡಿದ. ನಾಚಿಕೆಯಿಂದ ಅವನ ಕಿವಿ ಕೆಂಪಾದವು, ಆದರೆ ಅದಕ್ಕೆ ಪಂಚರಿರಲಿಲ್ಲವಾದ್ದರಿಂದ ದಾಖಲಾಗಲಿಲ್ಲ.

ಹಂಡೆಗೆ ಆರು ತಿಂಗಳ ಸಾದಾ ಸಜೆಯಾಯಿತು. ವಿಚಾರಣೆಯಲ್ಲಿ ಮೂರು ಸಲ ಕೇಳಿದರೂ ಅದು ತನ್ನ ಪರವಾಗಿ ಒಂದು ಮಾತೂ ಆಡಲಿಲ್ಲವೆಂದು ತೀರ್ಪಿನಲ್ಲಿ ನಮೂದಾಗಿದೆ. ಜಹಗೀರಿನ ಜನರಿಗೆ ಡಂಗುರ ಸಾರಲಾಯಿತು: ಇನ್ನುಮುಂದೆ ನೀರು ಕಾಯಿಸುವವರು ಪಾತ್ರೆಯ ನಡತೆಯ ಬಗ್ಗೆ ಗೌಡರಿಂದ ದಾಖಲೆ ಪಡೆಯತಕ್ಕದ್ದು. ಜನರು ಪಡೆದರು. ಜರ್ಮನ್ ಅಲ್ಯುಮಿನಿಯಂ ಪಾತೇಲಿಗಳಿಗೆ ದಾಖಲೆ ಬೇಗ ಸಿಗುತ್ತದೆಂದು ಸುದ್ದಿಯಾಗಿ ತಾಮ್ರದ ಪಾತ್ರೆಯವರು ಬೇಸರಪಟ್ಟುಕೊಂಡರು.

ಉಳಿದದ್ದು ವಿದ್ಯುತ್ತಿನ ಲೆಕ್ಕ. ತಂತಿಯ ಒಂದು ತುದಿ ಅ, ಇನ್ನೊಂದು ತುದಿ ಬ. ಅದಕ್ಕೆ ಮೂರು ಬ್ಯಾಟರಿ ಜೋಡಿಸಿದರೆ ಎಷ್ಟು ವಿದ್ಯುತ್ತು ಹರಿದೀತು? ಮಲಕಾಜಪ್ಪ ಭಾಗಾಕಾರ ಮಾಡಿ ಉತ್ತರ ತೆಗೆದ. ಆಮೇಲೆ ಆ ಉತ್ತರವನ್ನು ಬಹಳ ಹೊತ್ತು ನೋಡಿ, ಒರೆಸಿ, ಹೀಗೆ ಬರೆದ: "ಅ ಎಂಬುದು ಯಾವ ಸೀಮೆ, ಬ ಎಂಬುದು ಯಾವ ಸೀಮೆ ಎಂದು ಪುಸ್ತಕದಲ್ಲಿ ಇಲ್ಲ. ಆದ್ದರಿಂದ ವಿದ್ಯುತ್ತು ಪರವಾನಗಿಗಾಗಿ ಅ ದಲ್ಲಿ ಕಾಯುತ್ತಿದೆ. ಉತ್ತರ: ಸೊನ್ನೆ."

ಕಾರಭಾರಿಗಳ ಕಣ್ಣು ತೇವವಾದವು. "ಈಗ ನಿಮಗ ವಿಜ್ಞಾನ ತಿಳೀತು, ಮಾಸ್ತರ" ಎಂದು ಎರಡು ಸಲ ಶಿಕ್ಕಾ ಹೊಡೆದರು.

ದಸರೆಗೆ ಮಲಕಾಜಪ್ಪ ಕಾಯಂ ಆದ. ಕುರ್ಚಿಯಲ್ಲಿ ಕೂತ ಮೊದಲ ದಿನ ಮೊಣಕಾಲಿಗೆ ಸುಖವಾಯಿತು, ಮನಸ್ಸಿಗೆ ಆಗಲಿಲ್ಲ. ಸಿದ್ದಲಿಂಗವ್ವ ಪ್ರತಿ ಸೋಮವಾರ ಹುಣಸೆಹಣ್ಣು ಹಿಡಿದು ಲಾಕಪ್ಪಿಗೆ ಹೋಗಿ, ಪೊಲೀಸನ ಸಮಕ್ಷಮ ಹಂಡೆ ತಿಕ್ಕಿ ಬರುತ್ತಿದ್ದಳು. ದೀಪಾವಳಿಯ ನೀರು ತುಂಬುವ ದಿನ ಸನ್ನಡತೆಯ ಮೇಲೆ ಹಂಡೆಯ ಬಿಡುಗಡೆಯಾಯಿತು. ಅದನ್ನು ಸೊಂಟಕ್ಕಿಟ್ಟುಕೊಂಡು ಸಾಲಿಯ ಮುಂದೆ ಹಾಯುವಾಗ ಮಲಕಾಜಪ್ಪ ಅವಳನ್ನು ಒಳಗೆ ಕರೆದ.

"ಯಕ್ಕಾ, ನನ್ನ ತಪ್ಪು ಹೊಟ್ಟ್ಯಾಗ ಹಾಕ್ಕೋರಿ. ಹಂಡಿ ಕದ್ದಿರಲಿಲ್ಲ. ಶಾಖ ಗಾಳಿಗೆ ಹೋಗಿತ್ತು. ನನಗ ಗೊತ್ತಿತ್ತು."

"ದಿನಾ ನೀರು ಕಾಸಾಕಿ ನಾನು, ನನಗ ಗೊತ್ತಿಲ್ಲೇನ್ರಿ?" ಎಂದಳು ಸಿದ್ದಲಿಂಗವ್ವ. ಆಮೇಲೆ ಹಿಂದೆ ಮುಂದೆ ನೋಡಿ ಪಿಸುಗುಟ್ಟಿದಳು: "ಸುಮ್ಕಿರ್ರಿ ಮಾಸ್ತರ. ಕಾರಭಾರಿಗಳು ಕೇಳಿಸ್ಕೊಂಡ್ರ ಗಾಳೀನೂ ಹಿಡದಾರು."

ಮಲಕಾಜಪ್ಪ ಎದ್ದು ಕಿಟಕಿ ಮುಚ್ಚಿದ.