ಮಾವನ ಸೈಕಲ್ಲು ಸರಳವಾದದ್ದು

ಮಹಾರಾಷ್ಟ್ರದ ಗಡಿಯಲ್ಲಿರುವ ಸಂಖದ ಕನ್ನಡ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ರೇಖಾಗಣಿತ ಕಲಿಸುತ್ತಿರುವ ನನಗೆ ಕೋನಗಳ ವಿಷಯದಲ್ಲಿ ಯಾರೂ ಮೋಸ ಮಾಡಲಾರರು ಎಂಬ ಖಾತ್ರಿಯಿತ್ತು. ಯಾರೂ ಮಾಡಲಿಲ್ಲ. ಎಲ್ಲವನ್ನೂ ನಾನೇ ಮಾಡಿಕೊಂಡೆ!

ನನ್ನ ಹತ್ತಿರ ಅಪ್ಪನ ಕಾಲದ ಉಕ್ಕಿನ ಸೈಕಲ್ಲಿದೆ. ಅಷ್ಟೇ ಹಳೆಯದು ಮಾಡಗ್ಯಾಳದ ನಮ್ಮ ಮಾವನ ಹತ್ತಿರವೂ ಇತ್ತು. ಯಾವುದು ಕುಲುಕದೆ ಮೆತ್ತಗೆ ಓಡುತ್ತದೆ ಎಂದು ನನಗೂ ಹೆಂಡತಿ ಸವಿತಾಳಿಗೂ ಮದುವೆಯಾದ ವಾರದಿಂದ ವಾದ. ಅವಳು ತವರಿನ ಸೈಕಲ್ಲನ್ನು ಬಿಟ್ಟುಕೊಡುವವಳಲ್ಲ.

ಈ ಬೇಸಿಗೆ ರಜೆಯಲ್ಲಿ ಮಾವ ಹೊಲದ ಉತಾರಕ್ಕಾಗಿ, ಅಂದರೆ ಪಹಣಿ ಪತ್ರಕ್ಕಾಗಿ, ಸಂಖದ ತಹಶೀಲ್ ಕಚೇರಿಗೆ ಬಂದರು. ಸೈಕಲ್ಲನ್ನು ನಮ್ಮ ಅಂಗಳದಲ್ಲಿ ನಿಲ್ಲಿಸಿ ಮಗಳಿಗೆ ಹೇಳಿದರು, "ಸವಿತಾ, ಮೋಟಾರ್ ಸೈಕಲ್ ಹತ್ತಿದ್ರ ನನ್ನ ನಡಾ ಹಿಡೀತೈತಿ. ಕುರಿ ಕಾಯಾಕ ಹೋಗೂದು ಇದರ ಮ್ಯಾಲ ನಡದೈತಿ. ಯಾರೂ ಮುಟ್ಟಬ್ಯಾಡ್ರಿ."

'ಯಾರೂ' ಎನ್ನುವಾಗ ನನ್ನನ್ನೇ ನೋಡಿದರು.

ಅವರು ಓಣಿ ದಾಟುವ ಮೊದಲೇ ನನ್ನ ಕೋನಮಾಪಕ ಹೊರಗೆ ಬಂತು. ಎರಡೂ ಸೈಕಲ್ಲುಗಳನ್ನು ಗೋಡೆಗೆ ನಿಲ್ಲಿಸಿ ಅಳೆದೆ. ಮಾವನದರ ಹ್ಯಾಂಡಲ್ಲಿನ ಕೊಳವೆ ಎರಡು ಡಿಗ್ರಿ ಹೆಚ್ಚು ಹಿಂದಕ್ಕೆ ವಾಲಿತ್ತು. ಚಕ್ರಗಳ ನಡುವಿನ ಅಂತರ ನಾಲ್ಕು ಬೆರಳು ಹೆಚ್ಚು. ಮುಂದಿನ ಚಕ್ರ ಹಿಡಿದಿರುವ ಚಿಮಟಾ ಕೆಳಗೆ ಚೆನ್ನಾಗಿ ಮುಂದಕ್ಕೆ ಬಾಗಿತ್ತು. ಹೀಗೆ ವಾಲಿ ಬಾಗಿದಷ್ಟೂ ಕುಲುಕು ಕಡಿಮೆ, ಲೆಕ್ಕದ ಪ್ರಕಾರ ಮೆತ್ತಗೆ ಓಡಬೇಕಾದದ್ದು ಅದೇ! ನನಗೆ ನಿಂತಲ್ಲೇ ಬೆವರು ಬಂತು.

ಸೋನ್ಯಾಳದ ರಸ್ತೆಯಲ್ಲಿ ಓಡಿಸಿ ನೋಡಿದೆ. ತಗ್ಗು ದಿನ್ನೆ ಒಂದೂ ಗೊತ್ತಾಗಲಿಲ್ಲ, ನಿಜ. ಆದರೆ ಪೆಡಲು ಮಹಾ ಜಡ! ಖುಷಿಯಿಂದ ಮನೆಗೆ ಬಂದು ತೀರ್ಪು ಕೊಟ್ಟೆ.

"ಎಣ್ಣಿ ಇಲ್ದ ಜಡ ಆಗೇತ್ರಿ," ಎಂದಳು ಸವಿತಾ. "ನಿಮ್ಮದಕ್ಕ ವಾರಕ್ಕೊಮ್ಮಿ ಎಣ್ಣಿ ಹಾಕ್ತೀರಿ. ಇದ್ಯಾವ ನ್ಯಾಯ?"

ನ್ಯಾಯಕ್ಕೆ ತಲೆಬಾಗಿ ಮಾವನ ಸೈಕಲ್ಲನ್ನು ದುರಸ್ತಿಗೆ ಒಯ್ದೆ. ಸೈಕಲ್ ಅಂಗಡಿ ಮುಚ್ಚಿತ್ತು. ಪಕ್ಕದಲ್ಲಿ ಕಬ್ಬಿಣದ ಗೇಟು ಮಾಡುವ ಹೊಸ ಮಿಸ್ತ್ರಿಯಿದ್ದ. ಅವನಿಗೆ ಮರಾಠಿ ಮಾತ್ರ ಬರುತ್ತಿತ್ತು. ಗಡಿನಾಡಿನ ನನಗೆ ಮರಾಠಿಯ ಭಯವೇ? ರೇಖಾಗಣಿತದ ಗುರುಜಿ ಎಂದು ಪರಿಚಯವನ್ನೂ ಹೇಳಿಕೊಂಡೆ.

"ಫಾರ ಜಡ ಜಾತೇ," ಎಂದೆ. ಭಾಳ ಜಡ ಹೋಗುತ್ತದೆ ಎಂದರ್ಥ. ಮುಂದಿನದು ಕನ್ನಡದ ತಲೆಯಿಂದ ಮರಾಠಿಯ ನಾಲಗೆಗೆ ಜಾರಿತು. "ಸರಳ ಕರಾ!"

ಸಲೀಸಾಗಿ ಓಡುವಂತೆ ಮಾಡು ಎನ್ನುವುದು ನನ್ನ ಇರಾದೆ. ಅವನು ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, ಚಿಮಟಾದ ಬಾಗಿನ ಮೇಲೆ ಬೆರಳಿಟ್ಟ. "ಹೇ ಸರಳ ಕರೂ?" ಇದನ್ನು ಸರಳ ಮಾಡಲೇ ಎಂದು ಕೇಳಿದ.

ಅಲ್ಲಿಯೂ ಎಣ್ಣೆ ಬಿಡುತ್ತಾನೆ ಎಂದುಕೊಂಡೆ. "ಹೋ ಹೋ, ಏಕದಮ ಸರಳ!" ಎಂದು ಚಹಾ ಕುಡಿಯಲು ಹೋದೆ.

ಮರಳಿ ಬಂದಾಗ ಮಾವನ ಚಿಮಟಾ ಬೆಂಕಿಯಲ್ಲಿ ಕಾದು, ಸುತ್ತಿಗೆಯ ಪೆಟ್ಟು ತಿಂದು, ಗೇಟಿನ ಸರಳಿನಷ್ಟು ನೆಟ್ಟಗಾಗಿತ್ತು!

"ಅಯ್ಯಯ್ಯೋ! ಹೇ ಕಾಯ ಕೇಲಂ?" ಇದೇನು ಮಾಡಿದೆ ಎಂದು ಚೀರಿದೆ.

ಅವನಿಗೆ ನನಗಿಂತ ಹೆಚ್ಚು ಆಶ್ಚರ್ಯ. ನೀವೇ ಹೇಳಿದಿರಲ್ಲ ಎಂದ. ಮೇಲೆ ಒಂದು ಪ್ರಶ್ನೆ ಬೇರೆ! "ಗುರುಜಿ, ಸರಳ ರೇಷಾ ತುಮ್ಹೀಚ ಶಿಕವತಾ ನಾ?"

ಹೌದು, ನಾನೇ ಕಲಿಸುತ್ತೇನೆ. ಮರಾಠಿಯಲ್ಲಿ ಸರಳ ಎಂದರೆ ನೆಟ್ಟಗೆ. ಕನ್ನಡದಲ್ಲೂ ಹಲಗೆಯ ಮೇಲೆ ನಾನು ದಿನಾ ಎಳೆಯುವುದು ಸರಳರೇಖೆಯನ್ನೇ! ಮತ್ತೆ ಬಾಗಿಸು ಎಂದು ಅಂಗಲಾಚಿದೆ. ಮುರಿಯುತ್ತದೆ ಎಂದು ತಲೆಯಾಡಿಸಿದ.

ಸಂಜೆ ಮಾವ ಬಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸೈಕಲ್ ಹತ್ತಿಬಿಟ್ಟರು. ತಿರುವಿನಲ್ಲಿ ಅವರ ಕಾಲಿನ ತುದಿ, ಚಿಮಟಾ ನೆಟ್ಟಗಾಗಿ ಹಿಂದಕ್ಕೆ ಸರಿದಿದ್ದ ಮುಂದಿನ ಚಕ್ರಕ್ಕೆ ಬಡಿಯಿತು. ಹೇಗೋ ಬೀಳದೆ ನಿಂತರು. ಇಳಿದು, ಬಗ್ಗಿ, ಚಿಮಟಾ ನೋಡಿದರು. ಅದರ ಮೇಲೆ ಮೆಲ್ಲಗೆ ಕೈಯಾಡಿಸಿದರು. ಬೈದಿದ್ದರೆ ಬದುಕುತ್ತಿದ್ದೆ! ಆ ಹಿರಿಯರು ನಾಳೆ ಕುರಿಗಳ ಹಿಂದೆ ಹೇಗೆ ಹೋಗುತ್ತಾರೆ? ಕೋನಮಾಪಕದಿಂದ ಹಿಡಿದು ಚಹಾದವರೆಗೆ ಎಲ್ಲವನ್ನೂ ಒಪ್ಪಿಕೊಂಡೆ.

"ನಿಮ್ಮ ಸೈಕಲ್ ತರ್ರಿ ಮಾಸ್ತರ," ಎಂದರು.

ತಂದೆ. ಬಸ್ ನಿಲ್ದಾಣದವರೆಗೆ ಹೋಗಿ ಬಂದರು. ಮುಖ ಅರಳಿತ್ತು! "ಸವಿತಾ, ನಿನ್ನ ಗಂಡ ಹೇಳೂದು ಖರೇ ಐತಿ. ಇದ ಭಾಳ ಮೆತ್ತಗ ಹೋಗತೈತಿ!"

ನೆಟ್ಟಗಾದ ಚಿಮಟಾದಿಂದ ಇಳಿದವರಿಗೆ ಎತ್ತಿನ ಬಂಡಿಯೂ ಮೆತ್ತಗೇ ಅನ್ನಿಸೀತು. ಆದರೂ ಮದುವೆಯಾದಾಗಿನಿಂದ ನಡೆದ ವಾದ! ಎದೆಯುಬ್ಬಿಸಿ ಹೆಂಡತಿಯ ಕಡೆಗೆ ತಿರುಗಿದೆ. ಇತ್ತ ತಿರುಗುವಷ್ಟರಲ್ಲಿ ಮಾವ ಚೀಲವನ್ನು ನನ್ನ ಕ್ಯಾರಿಯರಿಗೆ ಕಟ್ಟಿ ಮುಗಿಸಿದ್ದರು.

"ಇದನ್ನ ನಾ ಒಯ್ತೀನಿ. ಅದನ್ನ ನೀವ ಇಟ್ಕೋರಿ," ಎಂದು ಮಾಡಗ್ಯಾಳದ ದಾರಿ ಹಿಡಿದರು.

ನನ್ನ ಸೈಕಲ್ಲೇ ಮೇಲು ಎಂದು ಈಗ ಸವಿತಾಳೂ ಒಪ್ಪುತ್ತಾಳೆ. ರಜೆ ಮುಗಿದು ನಾನು ನಡೆದುಕೊಂಡು ಶಾಲೆಗೆ ಹೊರಟಾಗ, ಬಾಗಿಲಲ್ಲಿ ನಿಂತು, ದಿನಾ ಒಪ್ಪುತ್ತಾಳೆ.